ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇರುವಾಗ ಕೌನ್ಸೆಲಿಂಗ್ ಯಾಕೆ ಬೇಕು?

ಬೇಕೇ ಬೇಕು. ಔಷಧಿ ಸಕ್ಕರೆ ಇಳಿಸುತ್ತದೆ, ಭಯ ಇಳಿಸುವುದಿಲ್ಲ. ನಮ್ಮಮ್ಮ ವರ್ಷಗಟ್ಟಲೆ ಹೊಟ್ಟೆಯ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು, ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹಿಡಿಯದೆ ಸಕ್ಕರೆ ಏರುಪೇರಾಗುತ್ತಿತ್ತು, ತಪ್ಪೆಲ್ಲ ತಮ್ಮ ಊಟದ್ದೇ ಅಂದುಕೊಂಡು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಕೊನೆಗೆ ಒಬ್ಬ ನರ್ಸ್ ಅರ್ಧ ಗಂಟೆ ಪಕ್ಕದಲ್ಲಿ ಕೂತು, ಗಂಟನ್ನು ಬೆರಳಲ್ಲಿ ಒತ್ತಿ ತೋರಿಸಿ, ಜಾಗ ಬದಲಿಸುವುದನ್ನು ಕಲಿಸಿದರು. (ಹೊಸ ಜಾಗದಲ್ಲಿ ಅದೇ ಇನ್ಸುಲಿನ್ ಮೈಗೆ ಜಾಸ್ತಿ ಹತ್ತಿ ಸಕ್ಕರೆ ತೀರಾ ಇಳಿಯಬಹುದು, ಡೋಸ್ ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ಬದಲಿಸಿ.) ಸಕ್ಕರೆ 70ಕ್ಕಿಂತ ಇಳಿದು ಕೈ ನಡುಗಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು ಅಂತಲೂ ಹೇಳಿದರು. ಈ ಒಂದು ಮಾತಿನಿಂದಲೇ ಅಮ್ಮನಿಗೆ ರಾತ್ರಿ ನಿದ್ದೆ ಹತ್ತಿತು. ಹೋದ ತಿಂಗಳು ಮದುವೆಗೂ ಬಂದರು.