ಒಂದೇ ಮನೆಯ ಮೂರು ಮಾರ್ಕ್ಸ್ ಕಾರ್ಡು

ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. 2024ರ ಮೇ ತಿಂಗಳಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ತುಮಕೂರಿನಲ್ಲಿ ನನ್ನ ಹತ್ತಿರ ಸಲಹೆಗೆ ಬಂದ ಕುಟುಂಬ ಇದು. ಊರು ತಿಪಟೂರು ಕಡೆ, ಅಪ್ಪನದು ಕೊಬ್ಬರಿ ವ್ಯಾಪಾರ. ಮಗಳಿಗೆ 625ಕ್ಕೆ 541 ಬಂದಿತ್ತು. ಶೇ 86.56. ಒಳ್ಳೆಯ ಮಾರ್ಕ್ಸೇ. ಆದರೂ ಹುಡುಗಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನೆಂಟರ ಫೋನ್ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ನನ್ನ ಮುಂದೆ ಕೂತವಳು ನಾನು ಏನೂ ಕೇಳುವ ಮೊದಲೇ "ಎಂಬತ್ತಾರು ಅಷ್ಟೇ ಮೇಡಂ" ಅಂದಳು.

ಅವಳಿಗೆ ಎರಡೂ ಕಡೆಯಿಂದ ಏಟು ಬೀಳುತ್ತಿತ್ತು. ಅಪ್ಪ 1994ರಲ್ಲಿ ಶೇ 71 ತೆಗೆದು ಊರ ಹೈಸ್ಕೂಲಿಗೇ ಫಸ್ಟ್ ಬಂದವರು. "ಈಗ ಮಾರ್ಕ್ಸು ಸುಮ್ನೆ ಸುರೀತಾರೆ, ನಮ್ಮ ಕಾಲದ ಎಪ್ಪತ್ತು ಇವತ್ತಿನ ತೊಂಬತ್ತೈದಕ್ಕೆ ಸಮ" ಅನ್ನುವುದು ಅವರ ಮಾತು. ಅಮ್ಮನ ಲೆಕ್ಕ ಬೇರೆ. ಮಗ 2021ರಲ್ಲಿ 606 ತೆಗೆದಿದ್ದ. "ಅದೇ ಸ್ಕೂಲು, ಅದೇ ಮೇಷ್ಟ್ರು, ಇವಳಿಗ್ಯಾಕೆ ಬರಲಿಲ್ಲ?" ಅಪ್ಪನ ಪ್ರಕಾರ ಅವಳ ಮಾರ್ಕ್ಸು ಅಗ್ಗ, ಅಮ್ಮನ ಪ್ರಕಾರ ಕಡಿಮೆ.

ಬರೀ ಮಾತಾಗಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಆದರೆ ಅದೇ ಲೆಕ್ಕದ ಮೇಲೆ ಒಂದು ತೀರ್ಮಾನವೂ ಆಗಿತ್ತು. ಅಣ್ಣ ಪಿಯುಸಿಯಲ್ಲಿ ಸೈನ್ಸ್ ತಗೊಂಡು ಶೇ 64ಕ್ಕೆ ನಿಂತಿದ್ದ. "606 ಬಂದವನೇ ಒದ್ದಾಡಿದ, 541ರವಳು ತಡೀತಾಳಾ?" ಅಂತ ಅವಳಿಗೆ ಕಾಮರ್ಸ್ ಎಂದು ನಿಶ್ಚಯ ಮಾಡಿದ್ದರು. ಅವಳಿಗೆ ಇಷ್ಟ ಇದ್ದದ್ದು ಗಣಿತ.

ಮೂರೂ ಜನರ ಮಾರ್ಕ್ಸ್ ಕಾರ್ಡು ತನ್ನಿ, ಮಗನನ್ನೂ ಕರೆದುಕೊಂಡು ಬನ್ನಿ ಅಂದೆ.

ಮುಂದಿನ ಸಲ ಮೂರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂತೆವು. ಮೊದಲು ಅಣ್ಣನದು. 2021ರಲ್ಲಿ ಕೊರೋನಾ ಕಾರಣಕ್ಕೆ ಇಡೀ ಪರೀಕ್ಷೆ ಎರಡೇ ದಿನದಲ್ಲಿ ಮುಗಿದಿತ್ತು, ಜುಲೈ 19 ಮತ್ತು 22. ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಅಂಕ, ಎಲ್ಲ ಬಹು ಆಯ್ಕೆ ಪ್ರಶ್ನೆ, ಉತ್ತರ ಓಎಂಆರ್ ಹಾಳೆಯಲ್ಲಿ. ಆ ವರ್ಷ ರಾಜ್ಯದಲ್ಲಿ ಶೇ 99.9ರಷ್ಟು ಮಕ್ಕಳು ಪಾಸಾದರು. 625ಕ್ಕೆ 625 ತೆಗೆದವರೇ 157 ಜನ. ತಂಗಿ ಬರೆದ 2024ರಲ್ಲಿ ಪೂರ್ತಿ ಬರವಣಿಗೆಯ ಪರೀಕ್ಷೆ, ಕೊಠಡಿಗಳಲ್ಲಿ ವೆಬ್ ಕ್ಯಾಮೆರಾ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು. 625ಕ್ಕೆ 625 ಬಂದದ್ದು ರಾಜ್ಯಕ್ಕೆಲ್ಲ ಒಬ್ಬಳಿಗೆ ಮಾತ್ರ.

ಇಬ್ಬರೂ ಓದಿದ್ದು ಒಂದೇ ಶಾಲೆ ಆದ್ದರಿಂದ ಮೇಷ್ಟ್ರಿಗೆ ಫೋನ್ ಮಾಡಿಸಿದೆ. 606 ತೆಗೆದ ಅಣ್ಣ ತನ್ನ ವರ್ಷ ಶಾಲೆಗೆ ಒಂಬತ್ತನೆಯವನು. 541 ತೆಗೆದ ತಂಗಿ ನಾಲ್ಕನೆಯವಳು.

ಅಮ್ಮ ಮಗನ ಮಾರ್ಕ್ಸ್ ಕಾರ್ಡನ್ನು ಕೈಗೆತ್ತಿಕೊಂಡು ಮತ್ತೆ ಮತ್ತೆ ನೋಡಿದರು. ಮಗ ತಲೆ ತಗ್ಗಿಸಿ, "ನಂದು ಕೋವಿಡ್ ಪಾಸು ಅಲ್ವಾ ಮೇಡಂ" ಅಂದ. ಇದು ನನಗೆ ಬಹಳ ನೋವು ಕೊಟ್ಟ ಮಾತು. ಆ ಹುಡುಗ ಆ ವರ್ಷವೆಲ್ಲ ಅಪ್ಪನ ಫೋನಿನಲ್ಲಿ ಪಾಠ ಕೇಳಿ ಓದಿದ್ದ. ಪ್ರಶ್ನೆಪತ್ರಿಕೆ ಹೇಗಿರಬೇಕು ಅಂತ ಅವನು ತೀರ್ಮಾನಿಸಿದ್ದಲ್ಲ. ಸುಲಭದ ಪತ್ರಿಕೆಯಲ್ಲಿ ಎಲ್ಲರೂ ಮೇಲಕ್ಕೆ ಬಂದು ಗುಂಪಾಗುತ್ತಾರೆ, ಚೆನ್ನಾಗಿ ಓದಿದವನು ಬೇರೆಯಾಗಿ ಕಾಣುವುದೇ ಇಲ್ಲ. ಅದು ಅವನಿಗೂ ಆದ ಅನ್ಯಾಯವೇ. ಇದನ್ನು ಅಪ್ಪ ಅಮ್ಮನ ಎದುರಿಗೇ ಅವನಿಗೆ ಹೇಳಿದೆ.

ಅಪ್ಪನ ಸರದಿ ಬಂದಾಗ ಒಂದು ಪ್ರಶ್ನೆ ಕೇಳಿದೆ. "ಸರ್, 1994ರ ಕೊಬ್ಬರಿ ರೇಟಿಗೂ ಇವತ್ತಿನ ರೇಟಿಗೂ ಹೋಲಿಸಿ, ಯಾರ ಕೊಬ್ಬರಿ ಚೆನ್ನಾಗಿತ್ತು ಅಂತ ಹೇಳೋಕಾಗುತ್ತಾ?" ಅವರು, "ಅದೆಂಗೆ ಆಗುತ್ತೆ, ಆವತ್ತಿನ ಮಾರ್ಕೆಟ್ಟಲ್ಲಿ ಯಾರ ಮಾಲಿಗೆ ಜಾಸ್ತಿ ಬಿತ್ತು ಅಂತ ನೋಡಬೇಕು" ಅಂದರು. ಮಾರ್ಕ್ಸಿಗೂ ಅದೇ ಲೆಕ್ಕ ಅಂದೆ. ಅವರ ಕಾಲದಲ್ಲಿ ಪೂರ್ತಿ ಅಂಕ ಬರವಣಿಗೆಗೇ. 2014-15ರಿಂದ ನೂರರಲ್ಲಿ 20 ಆಂತರಿಕ ಮೌಲ್ಯಮಾಪನ, 80 ಬರವಣಿಗೆ. ಅಳತೆಯೇ ಬೇರೆ ಆದ ಮೇಲೆ ಎರಡು ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ. ತನ್ನ ಜೊತೆ ಬರೆದವರಲ್ಲಿ ಎಲ್ಲಿದ್ದೆ ಅನ್ನುವುದನ್ನು ಮಾತ್ರ ಪಕ್ಕಪಕ್ಕ ಇಡಬಹುದು. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆ ನಡೆಸುವವರು ಮಾಡುವುದೂ ಇದನ್ನೇ. ಪಾಳಿಗೊಂದು ಪತ್ರಿಕೆ ಇರುವುದರಿಂದ, ನಿಮ್ಮ ಪಾಳಿಯಲ್ಲಿ ಶೇಕಡಾ ಎಷ್ಟು ಜನ ನಿಮಗೆ ಸಮ ಅಥವಾ ನಿಮಗಿಂತ ಕೆಳಗಿದ್ದಾರೆ ಅಂತ ಪರ್ಸೆಂಟೈಲ್ ಕೊಡುತ್ತಾರೆ.

"ಹಂಗಾದ್ರೆ ನಾನು ಫಸ್ಟು, ಇವಳು ನಾಲ್ಕನೆಯವಳು" ಅಂದರು ಅಪ್ಪ. ಸರಿಯೇ. ಆದರೆ ಆ ಲೆಕ್ಕಕ್ಕೂ ಒಂದು ಮಿತಿ ಇದೆ. ಒಂದನೇ ಕ್ಲಾಸಿನಲ್ಲಿ ನಿಮ್ಮ ಜೊತೆ ಇದ್ದವರಲ್ಲಿ ಎಷ್ಟು ಜನ ಎಸ್ಸೆಸ್ಸೆಲ್ಸಿ ಬರೆದರು ಅಂತ ಕೇಳಿದೆ. ಬೆರಳು ಮಡಿಸುತ್ತಾ ಎಣಿಸಿದರು, ಒಂದು ಕೈ ಸಾಕಾಯಿತು. ಅವರಲ್ಲಿ ಅಪ್ಪನ ಬೀದಿಯ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ಅವರ ಸಾಧನೆ ದೊಡ್ಡದೇ, ನಾನು ಕಡಿಮೆ ಮಾಡಿ ಹೇಳಲಿಲ್ಲ. ಆದರೆ ಮಗಳು ಗೆಲ್ಲಬೇಕಾದ ಗುಂಪು ಬೇರೆ.

ಆಮೇಲೆ ಅವಳ ಮಾರ್ಕ್ಸ್ ಕಾರ್ಡನ್ನು ಅದರಷ್ಟಕ್ಕೇ ಓದಿದೆವು. ನಾನು ಎಲ್ಲ ಮನೆಯವರಿಗೂ ಹೇಳುವುದು ಇದನ್ನೇ: ಆಂತರಿಕ ಅಂಕ ಬದಿಗಿಡಿ, ಅಲ್ಲಿ ಬಹುತೇಕ ಮಕ್ಕಳಿಗೆ 19, 20 ಇರುತ್ತದೆ. ಬರವಣಿಗೆಯ ಅಂಕ ನೋಡಿ. ಗಣಿತದಲ್ಲಿ ಅವಳಿಗೆ 80ಕ್ಕೆ 73, ವಿಜ್ಞಾನದಲ್ಲಿ 64. ಕಷ್ಟದ ವರ್ಷದಲ್ಲಿ ಗಣಿತಕ್ಕೆ 73. ಅಣ್ಣನ ಪಿಯುಸಿ ಫಲಿತಾಂಶ ಇಟ್ಟುಕೊಂಡು ಈ ಹುಡುಗಿಗೆ ಸೈನ್ಸ್ ಬೇಡ ಅನ್ನಲು ಯಾವ ಆಧಾರವೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ವಿಜ್ಞಾನದ 64 ನೋಡಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಯೋಚಿಸಿ ಅಂದೆ. ಕಾಲೇಜಿಗೆ ಅಲೆಯುವಾಗ ಈ ವರ್ಷದ ಕಟ್ ಆಫ್ ಮಾತ್ರ ಕೇಳಿ, ಹಳೇ ವರ್ಷದ್ದು ಬೇಡ ಅಂದೆ. ಪಿಯು ಟೆಸ್ಟ್ ಮಾರ್ಕ್ಸ್ ಬಂದಾಗ "ಎಷ್ಟು ಬಂತು" ಜೊತೆಗೆ "ಕ್ಲಾಸಲ್ಲಿ ಹೆಂಗೆ ಮಾಡಿದಾರೆ" ಅಂತಲೂ ಕೇಳಿ ಎಂದು ಅಮ್ಮನಿಗೆ ಹೇಳಿದೆ.

ಅಣ್ಣ ಒಬ್ಬನೇ ಮಾತಾಡಬೇಕು ಅಂದ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಪರೀಕ್ಷೆ ಇಲ್ಲ, 10ನೇ ತರಗತಿ ಅಂಕದ ಮೇಲೆಯೇ ಆಯ್ಕೆ. ಎಲ್ಲ ವರ್ಷದವರೂ ಒಂದೇ ಪಟ್ಟಿಯಲ್ಲಿ. "606 ಹಾಕಿದ್ರೆ ಬೇರೆಯವರ ಜಾಗ ಕಿತ್ಕೊಂಡ ಹಾಗಲ್ವಾ?" ಆ ಪಟ್ಟಿ ನ್ಯಾಯವಾಗಿಲ್ಲ ಅಂತ ನನಗೂ ಅನಿಸುತ್ತದೆ, ಹಾಗೆಯೇ ಹೇಳಿದೆ. ಆದರೆ ಅದನ್ನು ಸರಿಮಾಡಬೇಕಾದವರು ನಿಯಮ ಮಾಡುವವರು, ನೀನು ಸುಳ್ಳೇನೂ ಬರೆಯುತ್ತಿಲ್ಲ. ತೇರ್ಗಡೆಯಾದ ವರ್ಷವೂ ಮಾರ್ಕ್ಸ್ ಕಾರ್ಡಿನಲ್ಲೇ ಇದೆ. ಅರ್ಜಿ ಕರೆದಾಗ ಹಾಕು, ಡಿಗ್ರಿ ಮಾತ್ರ ಬಿಡಬೇಡ ಅಂದೆ. ಜೂನ್‌ನಲ್ಲಿ ತಂಗಿಯನ್ನು ತುಮಕೂರಿನ ಕಾಲೇಜಿಗೆ ಪಿಸಿಎಂಸಿಗೆ ಸೇರಿಸಲು ಅಪ್ಪನ ಜೊತೆ ಬಂದವನು ಅವನೇ.