ಚಂಡಮಾರುತ ನೇರವಾಗಿ ಬಡಿಯದ ಊರಿಗೂ ಹಾನಿಯಾಗುತ್ತದೆಯೇ? ಆಮೇಲಿನ ದಿನಗಳು ಹೇಗಿರುತ್ತವೆ?

ಖಂಡಿತ ಆಗುತ್ತದೆ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆಯ ಬಳಿ, ಕಡಲ ಕರೆಯಲ್ಲಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ನೆಲವನ್ನು ಮುಟ್ಟಲೇ ಇಲ್ಲ. ಲಕ್ಷದ್ವೀಪದ ಸುತ್ತ ರೂಪುಗೊಂಡು, ಕಡಲ ಮೇಲಿನಿಂದಲೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ಕರಾವಳಿಗೆ ಅಪ್ಪಳಿಸಿತು. ಆದರೂ ನೀವು ಕೇಳಿದ ‘ಆಮೇಲಿನ ದಿನಗಳು’ ನಮಗೆ ಇನ್ನೂ ಮುಗಿದಿಲ್ಲ.

ನಮ್ಮ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದು ಅರಬ್ಬೀ ಸಮುದ್ರದಲ್ಲಿ ಉತ್ತರಕ್ಕೆ ಹೋಗುವಾಗ ಅದರ ಬಲಬದಿಯಲ್ಲಿರುವ ನಮ್ಮ ಕರಾವಳಿಯತ್ತ ತೆಂಕಣ ಮತ್ತು ನೈಋತ್ಯದ ಗಾಳಿ ಅಲೆಗಳನ್ನು ಅಟ್ಟಿಕೊಂಡು ಬರುತ್ತದೆ. ಈದ್ ಹಬ್ಬದ ಮರುದಿನ, 14ರಂದು, ಸಾಮಾನ್ಯವಾಗಿ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಕಾಣುವಂಥ ಕೆಂಪು ನೀರಿನ ಅಲೆಗಳು ಬೇಸಗೆಯಲ್ಲೇ ಎದ್ದಾಗ ಅಪ್ಪ ದೋಣಿಯನ್ನು ತೆಂಗಿನ ಬುಡಕ್ಕೆ ಕಟ್ಟಿದರು. ಬೆಳಗಾಗುವಾಗ ದೋಣಿಯಿತ್ತು, ಆದರೆ ಆ ತೆಂಗಿನ ಬೇರಿನಡಿಯ ಮರಳು ಇರಲಿಲ್ಲ. ಅದೇ ಹೊತ್ತಿಗೆ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಕಡಲಿಗೆ ಕುಸಿಯುವ ದೃಶ್ಯವನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದರು. ಲಾಕ್‌ಡೌನ್ ಜಾರಿಯಲ್ಲಿದ್ದ ಕಾಲವಾದ್ದರಿಂದ ನಾವು ಶಿಬಿರಕ್ಕೆ ಹೋಗಲು ಅಂಜಿ, ಕೊರೊನಾ ಹೆಚ್ಚೋ ಕಡಲು ಹೆಚ್ಚೋ ಎಂದು ಲೆಕ್ಕ ಹಾಕುತ್ತ, ಎರಡು ರಾತ್ರಿ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಮಲಗಿದೆವು.

ಗಾಳಿ ಹಾರಿಸಿದ ಹಂಚನ್ನು ಒಂದು ವಾರದಲ್ಲಿ ಮತ್ತೆ ಹೊದಿಸಿದೆವು. ಅದು ದೊಡ್ಡ ಮಾತಲ್ಲ. ಉಳಿದದ್ದೇ ಕಷ್ಟ. ಬಾವಿಗೆ ಉಪ್ಪುನೀರು ಹೊಕ್ಕಿತ್ತು. ಪಂಪು ಹಾಕಿ ಮೂರು ಬಾರಿ ಬರಿದು ಮಾಡಿದರೂ ಅನ್ನ ಉಪ್ಪಾಗುತ್ತಿತ್ತು, ಎರಡು ಮಳೆಗಾಲ ಕಳೆದ ಮೇಲಷ್ಟೇ ಅಮ್ಮ ಆ ನೀರಿನಲ್ಲಿ ಬೇಳೆ ಬೇಯಿಸಿದರು. ಇನ್ನೊಂದು ನಷ್ಟವನ್ನು ಹೊರಗಿನವರು ಗಮನಿಸುವುದಿಲ್ಲ: ಮಳೆಗಾಲದ ಖರ್ಚಿಗೆ ದುಡ್ಡು ಕೂಡಿಡುವುದು ಮೇ ತಿಂಗಳ ಮೀನಿನಿಂದ. ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಹಿಂತೆಗೆಯುವಷ್ಟರಲ್ಲಿ ಮುಂಗಾರು ಬಾಗಿಲಿಗೆ ಬಂದಿತ್ತು, ಆಮೇಲೆ ದೊಡ್ಡ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ 52 ದಿನಗಳ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವ) ನಿಷೇಧ. ನಮ್ಮಂಥ ಸಣ್ಣ ದೋಣಿಗಳಿಗೆ ನಿಷೇಧವಿಲ್ಲವೆಂಬುದು ನಿಜ, ಆದರೆ ಅಂಥ ಅಲೆಗೆ ದೋಣಿ ಇಳಿಸುವವರು ಯಾರು?

ಪರಿಹಾರಕ್ಕೆ ಅರ್ಜಿ ಕೊಟ್ಟಾಗ ಕಚೇರಿಯವರು ಮನೆಯ ಗೋಡೆ ಬಿದ್ದಿದೆಯೇ ಎಂದಷ್ಟೇ ಕೇಳಿದರು. ಗೋಡೆ ಬಿದ್ದಿರಲಿಲ್ಲ, ನೆಲ ಹೋಗಿತ್ತು. ಅದನ್ನು ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಕಲ್ಲಿನ ತಡೆಗೋಡೆ ಎಲ್ಲದಕ್ಕೂ ಮದ್ದೆಂದು ನಾನು ನಂಬುವುದಿಲ್ಲ, ಏಕೆಂದರೆ ಗೋಡೆ ಎಲ್ಲಿ ಮುಗಿಯುತ್ತದೋ ಅದರಾಚೆಯ ಮರಳನ್ನು ಅಲೆ ಇನ್ನಷ್ಟು ಬೇಗ ಕೊರೆಯುತ್ತದೆ, ಮತ್ತು ನಮ್ಮ ಮನೆ ಇರುವುದು ಸರಿಯಾಗಿ ಅಲ್ಲೇ.

ದಾಖಲೆಯಲ್ಲಿ ನಮ್ಮ ಜಾಗ 18 ಸೆಂಟ್ಸ್, ಅಳೆದರೆ ಸಿಗುವುದು 11. ಭೂತೆರಿಗೆಯನ್ನು ಮಾತ್ರ ಇಂದಿಗೂ ಹದಿನೆಂಟಕ್ಕೇ ಕಟ್ಟುತ್ತಿದ್ದೇವೆ. ಕಡಿಮೆ ಮಾಡಿಸೋಣವೆಂದರೆ, ಉಳಿದ ಏಳು ನಮ್ಮದಲ್ಲವೆಂದು ನಾವೇ ಬರೆದುಕೊಟ್ಟಂತಾಗುತ್ತದೆ ಎಂದು ಅಪ್ಪ ಒಪ್ಪುವುದಿಲ್ಲ.