ಹಿಲ್ ಟ್ರೋಲ್ ಮೊದಲ ಸುತ್ತಲ್ಲೇ ಮೈಮೇಲೆ ಬೀಳದಿರಲು

ಹಾಸನದಲ್ಲಿ ತಮ್ಮನ ಜೊತೆ 'ಲಾರ್ಡ್ ಆಫ್ ದಿ ರಿಂಗ್ಸ್' ಕಾರ್ಡ್ ಗೇಮ್ ಆಡ್ತಾ, ಅರಗಾರ್ನ್, ಇಯೋವಿನ್, ಲೆಗೊಲಾಸ್ ಎಂಬ ಮೂವರು ಹೀರೋಗಳನ್ನಿಟ್ಟು 65 ಕಾರ್ಡಿನ ಡೆಕ್ (ಆಡುವ ಕಾರ್ಡ್‌ಗಳ ಕಟ್ಟು) ಕಟ್ಟಿದ್ದೀರಿ. ಆಂಡುಯಿನ್ ನದಿಯ ಪಯಣ ಎಂಬ ಸನ್ನಿವೇಶದಲ್ಲಿ ಪ್ರತಿಸಲ ಹಿಲ್ ಟ್ರೋಲ್ ಎಂಬ ದೈತ್ಯ ಶತ್ರುವಿನ ಕೈಲಿ ಸೋಲೋದು ಯಾಕೆ ಅಂತ ಕೇಳಿದ್ದೀರಿ.

ಲೆಕ್ಕ ನೋಡಿ. ಮೂವರ ಬೆದರಿಕೆ ಅಂಕ (ಇದು ಏರಿದಷ್ಟೂ ಶತ್ರುಗಳು ಮೈಮೇಲೆ ಬರುತ್ತಾರೆ) 12, 9, 9, ಒಟ್ಟು 30. ಟ್ರೋಲ್ ಮೈಮೇಲೆ ಬರುವುದೂ ಸರಿಯಾಗಿ 30ಕ್ಕೇ! ಅಂದರೆ ನೀವೇ ಅದನ್ನು ಮೊದಲ ಸುತ್ತಿಗೆ ಕರೆದಂತಾಯಿತು. ಅರಗಾರ್ನ್ ಬದಲು ಥಿಯೋಡ್ರೆಡ್ ಎಂಬ ಹೀರೋನನ್ನು ಹಾಕಿದರೆ ಒಟ್ಟು 26. ಸುತ್ತಿಗೆ ಒಂದರಂತೆ ಏರಿದರೂ, ಕ್ವೆಸ್ಟ್‌ನಲ್ಲಿ (ಪಯಣ ಮುಂದುವರಿಸುವ ಯತ್ನದಲ್ಲಿ) ಸೋಲದಿದ್ದರೆ ನಾಲ್ಕು ಸುತ್ತು ಉಸಿರಾಡಬಹುದು. ಥಿಯೋಡ್ರೆಡ್ ಕ್ವೆಸ್ಟ್‌ಗೆ ಹೋದಾಗ ಕಾರ್ಡ್ ಇಳಿಸಲು ತೆರುವ ಟೋಕನ್ ಒಂದು ಹೆಚ್ಚಿಗೆ ಸಿಗುತ್ತದೆ. ಮೂವರೂ ಬೇರೆ ಬೇರೆ ಬಣದವರಾದ ನಿಮ್ಮ ಡೆಕ್ಕಿಗೆ ಅದು ದೊಡ್ಡ ಆಸರೆ. ಒಬ್ಬ ಹೀರೋನ ಟೋಕನ್ ಇನ್ನೊಂದು ಬಣದ ಕಾರ್ಡಿಗೆ ನಡೆಯುವುದಿಲ್ಲವಲ್ಲ.

65 ಬೇಡವೇ ಬೇಡ, 50ಕ್ಕೆ ಇಳಿಸಿ. ಸುತ್ತಿಗೆ ಒಂದೇ ಕಾರ್ಡ್ ಎಳೆಯುವ ಆಟದಲ್ಲಿ ಬೇಕಾದ್ದು ಅಡಿಯಲ್ಲೇ ಉಳಿಯುತ್ತದೆ. ಸ್ನೀಕ್ ಅಟ್ಯಾಕ್, ಗ್ಯಾಂಡಾಲ್ಫ್, ಶತ್ರುವಿನ ದಾಳಿ ತಡೆಯುವ ಫೇಂಟ್ ಎಂಬ ಕಾರ್ಡ್‌ಗಳನ್ನು ಮಾತ್ರ ತೆಗೆಯಬೇಡಿ. ಸ್ನೀಕ್ ಅಟ್ಯಾಕ್‌ಗೆ ಒಂದೇ ಟೋಕನ್ ಕೊಟ್ಟು ಗ್ಯಾಂಡಾಲ್ಫ್‌ನನ್ನು ಇಳಿಸಿ, ಟ್ರೋಲ್‌ಗೆ 4 ಪೆಟ್ಟು ಕೊಡಿ ಅಥವಾ ಬೆದರಿಕೆ 5 ಇಳಿಸಿ. ಹಂತ ಮುಗಿದಾಗ ಅವನು ಮತ್ತೆ ನಿಮ್ಮ ಕೈಗೇ ಬರುತ್ತಾನೆ. ನಾವು ಚಿಕ್ಕಮಗಳೂರಲ್ಲಿ ಮಳೆಗಾಲದ ಸಂಜೆ ಕೂತು ಆಡುವಾಗ ಎಷ್ಟೋ ಸಲ ಈ ಜೋಡಿಯೇ ನಮ್ಮನ್ನು ಉಳಿಸಿದೆ. ಆದರೆ ಮೇಜಿನ ಮೇಲೆ ಒಮ್ಮೆಗೆ ಒಬ್ಬನೇ ಗ್ಯಾಂಡಾಲ್ಫ್; ಯಾರು ಯಾವಾಗ ಇಳಿಸುವುದು ಅಂತ ತಮ್ಮನ ಹತ್ತಿರ ಮೊದಲೇ ಮಾತಾಡಿಕೊಳ್ಳಿ.